ಬಂಡೆಯಲ್ಲಿ ಇಲ್ಲದ ಮಡಿಕೆ

ಜನವರಿ ೮

ನೆಲದೊಳಗಿರುವ ನನ್ನ ಸೊಸೆಗೆ,

ಭಾನುವಾರದ ಫೋನು ನಿನ್ನ ಮಗಳ ಪಾಲು. ನನ್ನ ಸರದಿ ಬರುವ ಹೊತ್ತಿಗೆ ಒಂದೋ ನಿನ್ನ ಕಡೆ ಸಿಗ್ನಲ್ ಹೋಗಿರುತ್ತದೆ, ಇಲ್ಲವೇ ನನ್ನ ಕಡೆ ತಾಳ್ಮೆ ಹೋಗಿರುತ್ತದೆ. ಇನ್ನು ಮೇಲೆ ನಮ್ಮಿಬ್ಬರಿಗೆ ಕಾಗದವೇ ಸರಿ. ಕಾಗದದಲ್ಲಾದರೆ ನಾನು ಮಾತಾಡುವಾಗ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮರಿಯ ಮುಂದಿನ ಹಲ್ಲು ಅಲ್ಲಾಡುತ್ತಿದೆ. ಕೀಳಲೂ ಬಿಡುವುದಿಲ್ಲ, ಬೀಳಲೂ ಬಿಡುವುದಿಲ್ಲ, ನಾಲಿಗೆಯಲ್ಲಿ ಒತ್ತಿ ಹಿಡಿದುಕೊಂಡೇ ಶಾಲೆಗೆ ಹೋಗುತ್ತಾಳೆ. ನಿನ್ನ ಗಂಡ ಗೂಡ್ಸ್ ರೈಲಿನ ಗಾರ್ಡ್ ಡಬ್ಬಿಯಲ್ಲಿ ಕೂತು ಊರೂರು ಸುತ್ತುತ್ತಾನೆ. ಮನೆಗೆ ಬಂದರೆ ಮಲಗುತ್ತಾನೆ, ಎದ್ದರೆ ಹೊರಡುತ್ತಾನೆ. ನನ್ನ ಮಂಡಿಯ ವಿಚಾರ ಬರೆಯುವುದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಅಷ್ಟು ವರ್ಷ ನಿಂತ ನರ್ಸಿಗೆ ಮಂಡಿ ನೋಯದೆ ಇನ್ನೇನು ನೋಯಬೇಕು.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಗಣಿಯ ಕೆಳಭಾಗದಲ್ಲಿ ಅದಿರು ಕಳೆದುಹೋಗಿದೆಯಂತೆ, ಸಿಗದಿದ್ದರೆ ಆ ಭಾಗವನ್ನೇ ಮುಚ್ಚುತ್ತಾರಂತೆ, ಮುಚ್ಚಿದರೆ ಭೂವಿಜ್ಞಾನಿಗೆ ಅಲ್ಲಿ ಕೆಲಸವಿಲ್ಲವಂತೆ. ನನ್ನ ಮಗ ಇದನ್ನು ಮುಖ ಸಪ್ಪೆ ಮಾಡಿಕೊಂಡು ಹೇಳಿದ. ನಾನೂ ಮುಖ ಸಪ್ಪೆ ಮಾಡಿಕೊಂಡೇ ಕೇಳಿಸಿಕೊಂಡೆ. ನಿನ್ನ ಹತ್ತಿರ ನಾಟಕ ಯಾಕೆ? ಮುಚ್ಚಲಿ ಎಂದೇ ನನ್ನ ಆಸೆ. ಮಗುವಿಗೆ ತಾಯಿ ಬೇಕು, ತಾಯಿಗೆ ಗಾಳಿ ಬೆಳಕು ಬೇಕು. ಇಲ್ಲೇ ಯಾವುದಾದರೂ ಕಾಲೇಜಿನಲ್ಲಿ ಪಾಠ ಹೇಳಬಹುದು. ಕಲ್ಲು ಎಲ್ಲ ಕಡೆಯೂ ಇದೆ.

ಆದರೂ ಒಂದು ಮಾತು ಕೇಳುತ್ತೇನೆ, ಮರಿ ಕೇಳಿದಳೆಂದೇ ಇಟ್ಟುಕೋ. ಅದಿರು ಅಂದರೆ ಕಲ್ಲು ತಾನೆ? ಕಲ್ಲು ಕಳೆದುಹೋಗುವುದು ಹೇಗೆ?

ನಿನ್ನ ಅತ್ತೆ

ಜನವರಿ ೧೯

ಅತ್ತೆ,

ನನ್ನ ಕೆಲಸ ಹೋಗಲಿ ಎಂದು ನನಗೇ ಬರೆದು ತಿಳಿಸಿದವರು ನೀವೊಬ್ಬರೇ. ಉಳಿದವರೆಲ್ಲ ಬೆನ್ನ ಹಿಂದೆ ಹೇಳುತ್ತಾರೆ. ಅದಕ್ಕಾಗಿ ಮೊದಲು ಥ್ಯಾಂಕ್ಸ್.

ಕಲ್ಲು ಕಳೆದುಹೋದ ಕಥೆ ಹೇಳುತ್ತೇನೆ, ಮರಿಗೂ ಓದಿ ಹೇಳಿ. ನಮ್ಮ ಅದಿರು ಗುಡ್ಡದ ಹೊಟ್ಟೆಯಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಂತಿದೆ. ಒಂದು ಪಕ್ಕ ಸುಣ್ಣದ ಕಲ್ಲು, ಇನ್ನೊಂದು ಪಕ್ಕ ಹಾಳೆ ಹಾಳೆಯಾಗಿ ಏಳುವ ಕಪ್ಪು ಕಲ್ಲು. ಯಾವುದೋ ಕಾಲದಲ್ಲಿ ಇವೆರಡರ ನಡುವಿನ ಬಿರುಕಿನಲ್ಲಿ ಕುದಿಯುವ ನೀರು ಮೇಲೇರಿ ಬಂತು. ಅದರಲ್ಲಿ ಲೋಹಗಳು ಕರಗಿದ್ದವು. ನೀರು ಆರುತ್ತಾ ಆರುತ್ತಾ ಒಂದೊಂದನ್ನೇ ಇಳಿಸುತ್ತಾ ಹೋಯಿತು: ಆಳದಲ್ಲಿ ತಾಮ್ರ, ಮೇಲೆ ಸತು ಮತ್ತು ಸೀಸ, ಸೀಸದ ಮೈಯೊಳಗೆ ಕಣ್ಣಿಗೆ ಕಾಣದ ಬೆಳ್ಳಿ. ದೀಪ ಹಿಡಿದರೆ ಸೀಸದ ಅದಿರು ಕನ್ನಡಿ ಚೂರುಗಳ ಹಾಗೆ ಚೌಕ ಚೌಕವಾಗಿ ಹೊಳೆಯುತ್ತದೆ. ಸತುವಿನದು ಒಣಗಿದ ಮರದಂಟಿನ ಕಂದು. ತಾಮ್ರದ್ದು ಎಂಥವರೂ ಚಿನ್ನ ಎಂದು ಏಮಾರುವಷ್ಟು ಹಳದಿ. ನಾನು ಅದನ್ನು ದಿನವೂ ನೋಡುತ್ತೇನೆ, ದಿನವೂ ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತೇನೆ.

ಈ ಗೋಡೆ ಅತ್ಯಂತ ಕೆಳಗಿನ ಮಜಲಿನಲ್ಲಿ ತಟ್ಟನೆ ನಿಂತುಹೋಗಿದೆ. ಮುಗಿದದ್ದಲ್ಲ, ತುಂಡಾದದ್ದು. ಭೂಮಿ ಅಲ್ಲಿ ಬಿರಿದು, ಆಚೆಯ ಅರ್ಧವನ್ನು ಪಕ್ಕಕ್ಕೆ ಜಾರಿಸಿದೆ. ಇದನ್ನು ನಾವು ಫಾಲ್ಟ್ ಎನ್ನುತ್ತೇವೆ. ಆಚೆಯ ಅರ್ಧ ಎಡಕ್ಕೆ ಜಾರಿತೋ ಬಲಕ್ಕೆ ಜಾರಿತೋ ತಿಳಿದರೆ ಅದಿರು ಸಿಕ್ಕಿದ ಹಾಗೆಯೇ. ಹುಡುಕಲು ಒಂದು ರಂಧ್ರ ಕೊರೆಯಲು ಅನುಮತಿ ಕೊಟ್ಟಿದ್ದಾರೆ, ಒಂದೇ ಒಂದು. ಅದರಲ್ಲಿ ಸಿಗದಿದ್ದರೆ ಮಾರ್ಚ್ ಕೊನೆಗೆ ಕೆಳಗಿನ ಪಂಪು ನಿಲ್ಲಿಸುತ್ತಾರೆ. ನೀರು ತುಂಬಿಕೊಳ್ಳುತ್ತದೆ. ಆಮೇಲೆ ಅಲ್ಲಿ ಅದಿರಿದ್ದರೂ ಯಾರೂ ಇಳಿದು ನೋಡುವುದಿಲ್ಲ.

ಬಲಕ್ಕೆ ಎಂದು ನನ್ನ ತೀರ್ಮಾನ. ನಮ್ಮ ಯಂತ್ರ ಬಂಡೆಯನ್ನು ಪುಡಿ ಮಾಡುವುದಿಲ್ಲ, ಉದ್ದನೆಯ ಕೋಲಿನಂತೆ ಕೊರೆದು ಹೊರಗೆ ತರುತ್ತದೆ. ಅದಕ್ಕೆ ಕೋರ್ ಎಂದು ಹೆಸರು. ಹೋದ ವರ್ಷ ಫಾಲ್ಟನ್ನು ದಾಟಿದ ಒಂದು ಕೋರ್ ನನ್ನ ಹತ್ತಿರ ಇದೆ. ಅದರಲ್ಲಿ ಎರಡು ಸಾಕ್ಷಿಗಳಿವೆ. ಒಂದು, ಬಂಡೆ ಬಂಡೆಗೆ ಉಜ್ಜಿ ನುಣುಪಾದ ಜಾಗದ ಗೀರುಗಳು. ಇನ್ನೊಂದು, ಫಾಲ್ಟಿನ ಪಕ್ಕದಲ್ಲೇ ಸುಣ್ಣದ ಕಲ್ಲಿನ ಪದರಗಳು ಇದ್ದಕ್ಕಿದ್ದಂತೆ ಎದುರು ದಿಕ್ಕಿಗೆ ವಾಲಿವೆ. ಜಾರುವಾಗ ಎಳೆದ ಎಳೆತಕ್ಕೆ ಬಂಡೆ ಬಟ್ಟೆಯಂತೆ ಮಡಿಕೆ ಬಿದ್ದಿದೆ, ಅತ್ತೆ. ಎರಡು ಸಾಕ್ಷಿಗಳೂ ಬಲಕ್ಕೇ ಬೆರಳು ತೋರಿಸುತ್ತವೆ. ಆ ಮಡಿಕೆಯನ್ನು ನಕ್ಷೆಯಲ್ಲಿ ಬಿಡಿಸಿದೆ. ಮ್ಯಾನೇಜರು ನೋಡಿ, "ಇದನ್ನ ಫ್ರೇಮ್ ಹಾಕಿಸ್ಬೇಕಮ್ಮ" ಎಂದರು.

ಕೊರೆಯುವವರು ಗುಡುಗು. ಯಂತ್ರದ ಸದ್ದಿಗೆ ಅವರ ಕಿವಿ ಮಂದವಾಗಿದೆ. ಉಳಿದವರಿಗೂ ಹಾಗೆಯೇ ಎಂದುಕೊಂಡು ಗುಟ್ಟನ್ನೂ ಕೂಗಿ ಹೇಳುತ್ತಾರೆ, ಅದಕ್ಕೇ ಆ ಹೆಸರು. ತಿರುಗುವ ಯಂತ್ರದ ಮೇಲೆ ಅಂಗೈ ಇಟ್ಟು, ಕೆಳಗೆ ಬಂಡೆ ಬದಲಾಯಿತು ಎಂದು ಹೇಳುತ್ತಾರೆ. ಆ ಕೈಗೆ ನನ್ನ ರಂಧ್ರ ಒಪ್ಪಿಸಿದ್ದೇನೆ, ಹಾಗಾಗಿ ನೆಮ್ಮದಿಯಾಗಿದ್ದೇನೆ.

ನಿಮ್ಮ ಸೊಸೆ

ಫೆಬ್ರವರಿ ೧

ಸೊಸೆಗೆ,

ನಿನ್ನ ಕಾಗದ ಓದಿ ನನ್ನ ಮನೆ ಹಾಳಾಯಿತು. ಮರಿ ಎರಡು ಹಾಸಿಗೆಗಳನ್ನು ಪಕ್ಕಪಕ್ಕ ಹಾಕಿ, ಮೇಲೆ ಒಂದು ಪಟ್ಟೆ ಚಾದರ ಹೊದಿಸಿ, ನಡುವೆ ಕತ್ತರಿಯಾಡಿಸಿ ಒಂದು ಹಾಸಿಗೆಯನ್ನು ಜಾರಿಸಿದ್ದಾಳೆ. ಚಾದರ ಹೊಸದು. "ಅಜ್ಜಿ, ಫಾಲ್ಟ್ ಆಯ್ತು!" ಎಂದಳು. ಫಾಲ್ಟ್ ಯಾರದ್ದು ಎಂದು ಕೇಳಿದೆ, ನಿನ್ನ ಹೆಸರು ಹೇಳಿದಳು.

ಕೆಳಗಿಳಿಯುವುದು ಹೇಗೆ, ಗಾಳಿ ಎಲ್ಲಿಂದ ಬರುತ್ತದೆ, ಸಿಡಿಮದ್ದು ಹಾರಿಸುವಾಗ ನೀವೆಲ್ಲ ಎಲ್ಲಿರುತ್ತೀರಿ ಎಂದು ಅಪರೂಪಕ್ಕೆ ಫೋನು ನನ್ನ ಕೈಗೆ ಸಿಕ್ಕಾಗ ಕೇಳಿದ್ದೆನಲ್ಲ. ಇಳಿಯುವ ಮೊದಲು ಪ್ರತಿಯೊಬ್ಬರೂ ಹಿತ್ತಾಳೆಯ ಬಿಲ್ಲೆ ಒಪ್ಪಿಸುತ್ತಾರೆ, ಮೇಲೆ ಬಂದು ಬಿಲ್ಲೆ ವಾಪಸ್ ಪಡೆಯುವ ತನಕ ಮದ್ದು ಹಾರಿಸುವುದಿಲ್ಲ ಎಂದು ನೀನು ಹೇಳಿದೆ. ಆ ಒಂದು ಮಾತು ನನಗೆ ಹಿಡಿಸಿತು. ನಮ್ಮಲ್ಲೂ ಹಾಗೆಯೇ. ಹತ್ತಿಯ ಉಂಡೆಗಳನ್ನು ಎಣಿಸಿ ತಾಳೆ ನೋಡುವ ತನಕ ಹೊಟ್ಟೆ ಹೊಲಿಯಲು ನಾನು ಬಿಡುತ್ತಿರಲಿಲ್ಲ. ದೊಡ್ಡ ಡಾಕ್ಟರು ಹಲ್ಲು ಕಡಿದರೂ ಅಷ್ಟೇ. ನಿಮ್ಮ ಬಿಲ್ಲೆ ಕೋಣೆಯವನು ಯಾರೋ, ಅವನಿಗೆ ನನ್ನ ನಮಸ್ಕಾರ ತಿಳಿಸು.

ಗುಡುಗಿನ ಅಂಗೈಯ ವಿಚಾರವೂ ಚೆನ್ನಾಗಿತ್ತು. ಅಂಥ ಕೈಗಳನ್ನು ನಾನು ಕಂಡಿದ್ದೇನೆ. ಆದರೆ ಇದನ್ನೆಲ್ಲ ಮೆಚ್ಚಿದೆ ಎಂದ ಮಾತ್ರಕ್ಕೆ ನನ್ನ ಆಸೆ ಬದಲಾಯಿತು ಎಂದುಕೊಳ್ಳಬೇಡ. ಮಾರ್ಚ್ ಕೊನೆ ಎಂದೆಯಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿಟ್ಟುಕೊಂಡಿದ್ದೇನೆ.

ಅತ್ತೆ

ಫೆಬ್ರವರಿ ೧೬

ಅತ್ತೆ,

ಮರಿ ಭಾನುವಾರ ಹೇಳಿದಳು: "ಅಮ್ಮ, ನೀನು ಬೇಸಿಗೆಗೆ ಬಂದ್ಬಿಡ್ತೀಯಂತೆ, ಮತ್ತೆ ಹೋಗಲ್ವಂತೆ. ಅಜ್ಜಿ ಹೇಳಿದ್ರು." ಅವಳ ದನಿಯಲ್ಲಿದ್ದ ಸಂತೋಷ ಕೇಳಿ ಹಲ್ಲಿನ ಮಾತೆತ್ತಿ ವಿಷಯ ಬದಲಿಸಿದೆ.

ನೀವು ಹೀಗೆ ಮಾಡಬಾರದಿತ್ತು. ರಂಧ್ರ ಇನ್ನೂ ಅರ್ಧವೂ ಆಗಿಲ್ಲ. ನನ್ನ ಅದಿರು ಸಿಗುವುದಿಲ್ಲ ಎಂದು ನೀವು ಮಗುವಿಗೆ ಹೇಳಿದ ಹಾಗಾಯಿತು. ಈಗ ಸಿಕ್ಕಿದರೆ ನಾನು ಅವಳಿಗೆ ಮಾತು ತಪ್ಪಿದವಳು, ಸಿಗದಿದ್ದರೆ ಇಲ್ಲಿಯವರಿಗೆ ದಾರಿ ತಪ್ಪಿಸಿದವಳು. ನನ್ನನ್ನು ಎರಡೂ ಕಡೆಯಿಂದ ಕಟ್ಟಿಹಾಕಿದ್ದೀರಿ.

ಇಲ್ಲಿ ಎಲ್ಲರೂ ಕಾಯುತ್ತಿದ್ದಾರೆ. ಕಬ್ಬಿಣದ ಸಲಾಕೆಯಿಂದ ಸುರಂಗದ ಚಾವಣಿಯನ್ನು ತಟ್ಟಿ ತಟ್ಟಿ, ಸಡಿಲ ಕಲ್ಲಿನ ಸದ್ದು ಗುರುತಿಸುವ ಹೆಂಗಸೊಬ್ಬಳಿದ್ದಾಳೆ. ಅವಳು ತಟ್ಟಿ ಹೋದ ಮೇಲೇ ನಾವೆಲ್ಲ ಕಾಲಿಡುವುದು. ನಿನ್ನೆ ಅವಳು, "ಮೇಡಂ, ನಿಮ್ಮ ಮಡಿಕೆ ಸಿಕ್ತಾ?" ಎಂದು ಕೇಳಿದಳು. ಅವಳ ಮನೆಯಲ್ಲಿ ಅಪ್ಪ, ಗಂಡ, ಮೈದುನ ಎಲ್ಲರೂ ಈ ಗಣಿಯವರೇ. ಇಷ್ಟು ಜನ ನನ್ನ ಒಂದು ಗೆರೆಯನ್ನು ನಂಬಿಕೊಂಡಿರುವಾಗ ನಾನು ಯಾವ ಬಾಯಲ್ಲಿ ಬೇಸಿಗೆಯ ಮಾತಾಡಲಿ?

ಸೊಸೆ

ಫೆಬ್ರವರಿ ೨೪

ಹೇಳಿದ್ದು ನಿಜ. ಅವಳು ಕೇಳಿದಳು, ಹೇಳಿದೆ. ದಿನಾ ಕೇಳುವವಳಿಗೆ ದಿನಾ ಗೊತ್ತಿಲ್ಲ ಎನ್ನಲು ನಾನೇನು ಕಲ್ಲೇ?

ಕ್ಷಮೆ ಕೇಳುವುದಿಲ್ಲ. ಇನ್ನು ಹೇಳುವುದೂ ಇಲ್ಲ. ಹಲ್ಲು ಬಿತ್ತು.

ಮಾರ್ಚ್ ೧೨

ಸೊಸೆಗೆ,

ನಿನ್ನಿಂದ ಕಾಗದವಿಲ್ಲ. ಫೋನಿನಲ್ಲೂ ಮರಿಯ ಹತ್ತಿರ ನಾಲ್ಕು ಮಾತಾಡಿ ಇಟ್ಟುಬಿಡುತ್ತೀಯಂತೆ. ನನ್ನ ಮೇಲಿನ ಕೋಪ ಎಂದುಕೊಂಡಿದ್ದೆ. ನಿನ್ನೆ ನನ್ನ ಮಗ ಬಂದವನು ಹೇಳಿದ, ರಂಧ್ರ ಖಾಲಿ ಬಂತಂತೆ. ಕೊನೆಯವರೆಗೂ ಬರೀ ಸುಣ್ಣದ ಕಲ್ಲಂತೆ.

ಏನು ಬರೆಯಬೇಕೋ ತಿಳಿಯುತ್ತಿಲ್ಲ. ಸಂತೋಷವಾಗುತ್ತದೆ ಎಂದುಕೊಂಡಿದ್ದೆ, ಅಷ್ಟೇನೂ ಆಗಲಿಲ್ಲ. ನೀನು ಹುಡುಕಲಿಲ್ಲ ಎನ್ನುವಂತಿಲ್ಲ. ಇರುವುದನ್ನು ಹುಡುಕಬಹುದು, ಇಲ್ಲದ್ದನ್ನು ಯಾರು ತಂದುಕೊಡುತ್ತಾರೆ? ಸಾಮಾನು ಕಟ್ಟುತ್ತಿದ್ದೀಯೆಂದು ಕಾಣುತ್ತದೆ, ಅದಕ್ಕೇ ಬರೆಯಲು ಪುರುಸೊತ್ತಿಲ್ಲ. ಪುಸ್ತಕಗಳನ್ನು ಮೊದಲು ಕಳಿಸು, ಕಲ್ಲುಗಳನ್ನು ಅಲ್ಲೇ ಬಿಡು. ನಿನ್ನ ಕೋಣೆಗೆ ಹಾಸಿಗೆ ಹಾಕಿದ್ದೇನೆ.

ತಲೆ ತಗ್ಗಿಸಿಕೊಂಡು ಮಾತ್ರ ಬರಬೇಡ. ಅದು ನಿನಗೆ ಒಪ್ಪುವುದಿಲ್ಲ.

ಅತ್ತೆ

ಮಾರ್ಚ್ ೧೮

ಅತ್ತೆ,

ಸಾಮಾನು ಕಟ್ಟುತ್ತಿರಲಿಲ್ಲ. ಕೋರ್ ಇಡುವ ಶೆಡ್ಡಿನಲ್ಲಿ ಕುಳಿತಿದ್ದೆ. ಹೋದ ವರ್ಷದ ಕೋರ್ ಜೋಡಿಸಿಟ್ಟ ತಟ್ಟೆಗಳನ್ನು ಒಂದೊಂದಾಗಿ ಮತ್ತೆ ಬಿಚ್ಚಿ ನೋಡುತ್ತಿದ್ದೆ. ನೋಡಿದ್ದನ್ನು ಈಗ ನಿಮಗೆ ಬರೆಯುತ್ತಿದ್ದೇನೆ, ಇನ್ನೂ ಯಾರಿಗೂ ಹೇಳಿಲ್ಲ.

ಹೊಸ ರಂಧ್ರದಲ್ಲಿ ಅದಿರು ಸಿಗಲಿಲ್ಲ, ಸರಿ. ಆದರೆ ಮಡಿಕೆಯೂ ಸಿಗಲಿಲ್ಲ. ಪದರಗಳು ಗೆರೆ ಹೊಡೆದ ಹಾಗೆ ಒಂದೇ ದಿಕ್ಕಿಗೆ ಹೋಗಿವೆ. ನಾನು ಅಷ್ಟು ಮುದ್ದಾಗಿ ಬಿಡಿಸಿದ ಮಡಿಕೆ ಎಲ್ಲಿ ಹೋಯಿತು?

ಬಂಡೆಯೊಳಗೆ ಕೋರ್ ಹೇಗೆ ಇತ್ತೋ ಹಾಗೆಯೇ ಓದಬೇಕಾದರೆ, ಅದರ ಯಾವ ಮೈ ಕೆಳಗಿತ್ತು ಎಂದು ಗೊತ್ತಿರಬೇಕು. ಯಂತ್ರದಲ್ಲಿರುವ ಒಂದು ಉಪಕರಣ ಅದನ್ನು ತೋರಿಸುತ್ತದೆ. ನಾವು ಆ ಕೆಳಮೈಯ ಉದ್ದಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತೇವೆ. ಫಾಲ್ಟನ್ನು ದಾಟಿದ ಆ ತುಂಡಿಗೆ ಗೆರೆ ಎಳೆದವಳು ನಾನೇ. ಕಲ್ಲು ಒದ್ದೆಯಾಗಿತ್ತು, ಪೆನ್ಸಿಲ್ ಹಿಡಿಯಲಿಲ್ಲ. ಒರೆಸಲು ಕೈಯಲ್ಲಿ ಹೊರಳಿಸಿದೆ. ಆಮೇಲೆ ಎಳೆದ ಗೆರೆ ಕೆಳಮೈ ಮೇಲೆ ಬೀಳುವ ಬದಲು ಅದರ ಎದುರಿನ ಮೇಲಿನ ಮೈಗೆ ಬಿತ್ತು. ಅದರ ಎರಡೂ ಪಕ್ಕ ಬಂಡೆ ನುಗ್ಗುನುಗ್ಗಾಗಿದ್ದರಿಂದ ಹಿಂದಿನ ಮುಂದಿನ ತುಂಡುಗಳ ಗೆರೆಗೆ ಜೋಡಿಸಿ ನೋಡಲು ಆಗಿರಲಿಲ್ಲ.

ನಿನ್ನೆ ಆ ತುಂಡನ್ನು ಅರ್ಧ ಸುತ್ತು ತಿರುಗಿಸಿದೆ. ಪದರಗಳು ಉಳಿದೆಲ್ಲ ಪದರಗಳ ಜೊತೆ ಸಾಲಾಗಿ ಕೂತವು. ನುಗ್ಗಾದ ಭಾಗದ ಈಚೆ ಇದ್ದ ತೆಳು ಬಿಳಿಯ ಎಳೆಯೊಂದು ಆಚೆಯ ಎಳೆಗೆ ನೇರವಾಗಿ ಬಂದು ಕೂಡಿತು. ಮಡಿಕೆ ಬಂಡೆಯಲ್ಲಿ ಇರಲೇ ಇಲ್ಲ, ಅತ್ತೆ. ನನ್ನ ಪೆನ್ಸಿಲಿನಲ್ಲಿತ್ತು. ಗೆರೆ ತಪ್ಪಾಯಿತೇ ಎಂದು ಕೇಳಿಕೊಳ್ಳುವ ಬದಲು ತಪ್ಪಿಗೊಂದು ಚೆಂದದ ಕಥೆ ಕಟ್ಟಿದೆ. ಗೀರುಗಳೂ ಅದೇ ತುಂಡಿನವು. ಎರಡು ಸಾಕ್ಷಿ ಎಂದು ಬರೆದಿದ್ದೆನಲ್ಲ, ಎರಡೂ ಒಂದೇ ಬಾಯಿಂದ ಬಂದ ಮಾತಾಗಿತ್ತು.

ಆಚೆಯ ಅರ್ಧ ಎಡಕ್ಕೆ ಹೋಗಿದೆ.

ಇದನ್ನು ಹೇಳಿದರೆ ಏನಾಗುತ್ತದೆ? ಇದ್ದ ಒಂದು ರಂಧ್ರವನ್ನು ನನ್ನ ಅಜಾಗರೂಕತೆಯಿಂದ ಕಳೆದೆ ಎಂದಾಗುತ್ತದೆ. ಇನ್ನೊಂದನ್ನು ಕೊಡುವುದಿಲ್ಲ, ಕೊಡಲು ಸಮಯವೂ ಇಲ್ಲ. ಹೇಳದಿದ್ದರೆ ಪಂಪು ನಿಲ್ಲುತ್ತದೆ, ನೀರು ಎಲ್ಲವನ್ನೂ ಮುಚ್ಚುತ್ತದೆ, ನಾನು ಮರ್ಯಾದೆಯಿಂದ ಮನೆಗೆ ಬರುತ್ತೇನೆ. ಮರಿಗೆ ಸಂತೋಷ, ನಿಮಗೆ ಸಂತೋಷ. ನಿಮ್ಮನ್ನು ಏನೂ ಕೇಳುತ್ತಿಲ್ಲ. ಯಾರಿಗಾದರೂ ಹೇಳಬೇಕಿತ್ತು.

ಗುಡುಗು ಕೆಲಸಕ್ಕೆ ಬರುತ್ತಿಲ್ಲ. ಅವರು ರಂಧ್ರವನ್ನು ವಾಲಿಸಿದರು, ವಯಸ್ಸಾಯಿತು ಎಂದು ಕೆಲವರು ಆಡಿಕೊಳ್ಳುತ್ತಿದ್ದಾರೆ.

ಸೊಸೆ

ಮಾರ್ಚ್ ೨೩

ಸೊಸೆಗೆ,

ನಿನ್ನ ಕಾಗದ ಬಂದು ಇವತ್ತಿಗೆ ಎರಡನೆಯ ದಿನ. ನಿನ್ನೆಯೇ ಬರೆಯಬಹುದಿತ್ತು. ಬರೆಯಲಿಲ್ಲ, ಯಾಕೆಂದರೆ ನಿನ್ನೆ ಬರೆದಿದ್ದರೆ "ಸುಮ್ಮನಿರು, ಮನೆಗೆ ಬಾ" ಎಂದು ಬರೆಯುತ್ತಿದ್ದೆ. ಪೆನ್ನು ಮುಚ್ಚಿಟ್ಟು ಅಂಗಳ ಗುಡಿಸಿದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ.

ನಮ್ಮಲ್ಲೊಬ್ಬ ಸರ್ಜನ್ ಇದ್ದರು. ಬಾಯಿ ತೆಗೆದರೆ ಬೈಗುಳ, ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಒಂದು ದಿನ ಕಲಿಯುವ ಹುಡುಗರೆಲ್ಲ ಸುತ್ತ ನಿಂತಿದ್ದಾಗ, ಚಾಕು ರೋಗಿಯ ಮೈಗೆ ತಾಗುವ ಮೊದಲು ಅವರ ಕೈ ನಿಂತಿತು. ಚಾಕುವನ್ನು ನನ್ನ ತಟ್ಟೆಯಲ್ಲಿಟ್ಟು, "ಸಿಸ್ಟರ್, ಗುರುತು ನಾನೇ ಹಾಕಿದ್ದು. ತಪ್ಪು ಪಕ್ಕಕ್ಕೆ ಹಾಕಿದೀನಿ. ಎಕ್ಸ್-ರೇ ಫಿಲಂ ತನ್ನಿ, ಮೊದಲಿಂದ ನೋಡೋಣ" ಎಂದರು. ಕೆಟ್ಟ ಮೂತ್ರಪಿಂಡ ಎಡದ್ದು, ಗುರುತು ಬಲಕ್ಕಿತ್ತು. ಅವತ್ತಿನಿಂದ ಅವರು ಎಷ್ಟು ಬೈದರೂ ನನಗೆ ತಾಗಲಿಲ್ಲ. ಕೈಚಳಕ ಇರುವವರನ್ನು ಬೇಕಾದಷ್ಟು ಕಂಡಿದ್ದೇನೆ. ಎತ್ತಿದ ಕೈಯನ್ನು ಎಲ್ಲರೆದುರು ಇಳಿಸಿದವರು ನನ್ನ ಇಡೀ ಕೆಲಸದಲ್ಲಿ ಅವರೊಬ್ಬರೇ.

ನಿನ್ನ ಕಾಗದದಲ್ಲಿ ಮುಖ್ಯವಾದದ್ದನ್ನು ಕೊನೆಗೆ, ಮೂಲೆಯಲ್ಲಿ ತುರುಕಿದ್ದೀಯ. ಆ ಗುಡುಗಿನ ಮಾತು. ನಿನ್ನ ಗೆರೆ ತಪ್ಪಿದ್ದಕ್ಕೆ ಅವರ ಕೈಗೆ ಕೆಟ್ಟ ಹೆಸರು ಬರುತ್ತಿದೆ. ಆ ಅಂಗೈಯನ್ನು ನನಗೆ ಹೊಗಳಿ ಬರೆದವಳು ನೀನು. ಅದನ್ನು ನೀರಿನಲ್ಲಿ ಮುಳುಗಿಸಿ ಬಂದರೆ ಈ ಮನೆಯಲ್ಲಿ ಊಟ ನಿನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಬಡಿಸುವುದೂ ಇಲ್ಲ.

ಹೋಗಿ ಹೇಳು. ಇವತ್ತೇ ಹೇಳು. ಇನ್ನೊಂದು ರಂಧ್ರವನ್ನು ಕೊಡಲಿ ಬಿಡಲಿ, ಕೇಳು. ಕೆಲಸ ಹೋಗುವುದಾದರೆ ಹೇಳಿಯೇ ಹೋಗಲಿ.

ಅತ್ತೆ

ಮಾರ್ಚ್ ೨೩

ಅತ್ತೆ,

ನಿಮ್ಮ ಉತ್ತರ ಬರುವ ತನಕ ಕಾಯಲು ಆಗಲಿಲ್ಲ. ಇವತ್ತು ಬೆಳಿಗ್ಗೆ ಹೇಳಿಬಿಟ್ಟೆ.

ಮೊದಲು ಗುಡುಗಿನ ಮನೆಗೆ ಹೋದೆ. ಅವರು ಹಿತ್ತಲಲ್ಲಿ ಸೈಕಲ್ ಚಕ್ರ ಬಿಚ್ಚುತ್ತಿದ್ದರು. ಕಿವಿ ಕೇಳದವರ ಹತ್ತಿರ ಗುಟ್ಟಿನಲ್ಲಿ ತಪ್ಪೊಪ್ಪಿಕೊಳ್ಳುವಂತಿಲ್ಲ. ಕೂಗಿಯೇ ಹೇಳಿದೆ, ಅಕ್ಕಪಕ್ಕದ ಮನೆಯವರೆಲ್ಲ ಕೇಳಿಸಿಕೊಂಡರು. ಅವರು ಎಣ್ಣೆ ಕೈ ಒರೆಸಿಕೊಂಡು, "ಹಂಗಾರೆ ನನ್ನ ರಂಧ್ರ ನೆಟ್ಟಗೇ ಹೋಗಿತ್ತಾ?" ಎಂದರು. ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ ಎಂದೆ. "ಅಷ್ಟು ಸಾಕು ಬಿಡಿ ಮೇಡಂ" ಎಂದು ಅಂಗಿ ತೊಟ್ಟುಕೊಂಡು ನನ್ನ ಜೊತೆಗೇ ಹೊರಟರು.

ಮ್ಯಾನೇಜರ ಮೇಜಿನ ಮೇಲೆ ಕೋರ್ ತುಂಡಿಟ್ಟು, ತಿರುಗಿಸಿ ತೋರಿಸಿದೆ. ಅವರೂ ಅದನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಗೋಡೆಯ ನಕ್ಷೆ ನೋಡಿ, "ಈ ಮಡಿಕೆ ಎಷ್ಟು ಚೆನ್ನಾಗಿತ್ತಲ್ಲಮ್ಮ" ಎಂದರು, ಸತ್ತವರ ಬಗ್ಗೆ ಹೇಳುವ ಹಾಗೆ. ಪಂಪು ನಿಲ್ಲಿಸುವ ತೀರ್ಮಾನ ಮೇಲಿನವರದು, ಅದು ಬದಲಾಗುವುದಿಲ್ಲವಂತೆ. ಮುಂದಿನದ್ದನ್ನು ನಾಳೆ ಹೇಳುತ್ತಾರಂತೆ.

ನಿಮ್ಮ ಉತ್ತರ ಏನೇ ಇರಲಿ, ಬೈದಿದ್ದರೂ ಸರಿ, ನನಗೆ ಬೇಕು.

ಸೊಸೆ

ಮಾರ್ಚ್ ೨೮

ಸೊಸೆಗೆ,

ನಾನು ಹೋಗಿ ಹೇಳು ಎಂದು ಬರೆಯುತ್ತಿದ್ದ ದಿನವೇ ನೀನು ಹೇಳಿ ಬಂದಿದ್ದೆ. ನನ್ನ ಉಪದೇಶವೆಲ್ಲ ದಂಡ. ಇಷ್ಟು ಸಂತೋಷದಿಂದ ನಾನು ಯಾವತ್ತೂ ದಂಡವಾಗಿರಲಿಲ್ಲ.

ನಾಳೆ ಹೇಳುತ್ತಾರೆ ಎಂದೆಯಲ್ಲ, ಏನು ಹೇಳಿದರು? ಒಂದು ಸಾಲಾದರೂ ಬರೆ.

ಅತ್ತೆ

ಏಪ್ರಿಲ್ ೧೪

ಅತ್ತೆ,

ಇಷ್ಟು ದಿನ ಬೇಕೆಂದೇ ಬರೆಯಲಿಲ್ಲ. ಬರೆದಿದ್ದರೆ ನೀವು ರೈಲು ಹತ್ತಿ ಬಂದು ನನ್ನನ್ನು ಕಿವಿ ಹಿಡಿದು ಮೇಲಕ್ಕೆಳೆಯುತ್ತಿದ್ದಿರಿ. ಈಗ ಎಲ್ಲರೂ ಮೇಲೆ ಕ್ಷೇಮವಾಗಿದ್ದೇವೆ, ಹಾಗಾಗಿ ಬರೆಯುತ್ತೇನೆ.

ಪಂಪು ಹೇಳಿದ ದಿನವೇ ನಿಂತಿತು. ಆದರೆ ಕೊರೆಯುವ ಯಂತ್ರ ಇರುವ ಜಾಗ ಮಜಲಿನಲ್ಲೇ ಸ್ವಲ್ಪ ಎತ್ತರದಲ್ಲಿದೆ. ನೀರು ಅಲ್ಲಿಗೆ ಏರಲು ಸಮಯ ಹಿಡಿಯುತ್ತದೆ. ಇನ್ನೊಂದು ರಂಧ್ರದ ಹೊಣೆಯನ್ನು ಮ್ಯಾನೇಜರು ತಮ್ಮ ಮೇಲೆ ಹಾಕಿಕೊಂಡರು; ತಾವೇ ಇಳಿದು ಬಂದು, ಸುರಂಗದ ಗೋಡೆಯ ಮೇಲೆ ಒಂದು ಬಿಳಿ ಗೆರೆ ಬಳಿದರು. "ನೀರು ಇಲ್ಲಿಗೆ ಬರೋವರೆಗೂ ಕೊರೀರಿ. ಗೆರೆ ಮುಟ್ಟಿದ್ರೆ ಯಂತ್ರ ಮುಳುಗಿದ್ರೂ ಪರವಾಗಿಲ್ಲ, ಮನುಷ್ಯರು ಮೇಲೆ ಬರ್ಬೇಕು" ಎಂದರು. ಸಾಮಾನು ಮೇಲೆ ಸಾಗಿಸುವ ಕೆಲಸದ ಜೊತೆಗೆ ಇದನ್ನೂ ಮಾಡಬೇಕಿತ್ತು. ಯಾರೂ ಒಲ್ಲೆ ಎನ್ನಲಿಲ್ಲ. ಹಳಿಯ ಕಂಬಿ ಕಿತ್ತವರೇ ಕೊರೆಯುವ ಕೊಳವೆ ಹೊತ್ತರು. ಸಲಾಕೆಯವಳು ಪಾಳಿ ಮುಗಿದ ಮೇಲೂ ನಿಂತು ನಮ್ಮ ತಲೆಯ ಮೇಲಿನ ಚಾವಣಿ ತಟ್ಟುತ್ತಿದ್ದಳು. ತಪ್ಪು ಮಾಡಿದವಳು ನಾನು. ಒಬ್ಬರಾದರೂ ಅದನ್ನು ಎತ್ತಿ ಆಡಲಿಲ್ಲ. ಇಂಥವರ ನಡುವೆ ಕೆಲಸ ಮಾಡುವ ಭಾಗ್ಯ ನನಗೆ ಹೇಗೆ ಬಂತೋ ಗೊತ್ತಿಲ್ಲ.

ಈ ಸಲ ಎಡಕ್ಕೆ ಕೊರೆದೆವು. ಪ್ರತಿ ತುಂಡಿಗೂ ನಾನು ಗೆರೆ ಎಳೆದೆ, ಗುಡುಗು ತಾಳೆ ನೋಡಿದರು, ಆಮೇಲೆ ನಾನು ಮತ್ತೆ ನೋಡಿದೆ. ಮೊದಲು ಸುಣ್ಣದ ಕಲ್ಲು, ಆಮೇಲೆ ಫಾಲ್ಟಿನ ನುಗ್ಗಾದ ಕಲ್ಲು, ಆಮೇಲೆ ಮತ್ತೆ ಸುಣ್ಣದ ಕಲ್ಲು. ಕೆಳಗೆ ನೀರು ಸದ್ದಿಲ್ಲದೆ ಏರುತ್ತಿತ್ತು. ಬಿಳಿ ಗೆರೆಗೂ ಅದಕ್ಕೂ ಒಂದು ಮೊಳ ಉಳಿದಿದ್ದಾಗ ಮ್ಯಾನೇಜರು ಗಡಿಯಾರ ನೋಡತೊಡಗಿದರು. ಗುಡುಗು ಯಂತ್ರದ ಮೇಲೆ ಅಂಗೈ ಇಟ್ಟಿದ್ದವರು ತಲೆ ಎತ್ತಿ ನನ್ನನ್ನು ನೋಡಿದರು. ಬಾಯಿ ತೆರೆದರು, ಮಾತು ಹೊರಡಲಿಲ್ಲ. ಆ ಮನುಷ್ಯ ಸದ್ದಿಲ್ಲದೆ ನಿಂತದ್ದನ್ನು ನಾವು ಯಾರೂ ಕಂಡವರಲ್ಲ. ಅಷ್ಟರಲ್ಲಿ ರಂಧ್ರದಿಂದ ವಾಪಸ್ ಬರುವ ನೀರು, ಅಲ್ಲಿಯ ತನಕ ಸುಣ್ಣದಂತೆ ಬೆಳ್ಳಗಿದ್ದದ್ದು, ಬೂದು ಬಣ್ಣಕ್ಕೆ ತಿರುಗಿತು, ಕಪ್ಪಾಯಿತು. ಕೈಯೊಡ್ಡಿದೆ. ಬೆರಳ ಸಂದಿಯಲ್ಲಿ ಕನ್ನಡಿ ಪುಡಿಯ ಹಾಗೆ ಹೊಳೆಯಿತು, ಅತ್ತೆ. ಸೀಸ. ಕೋರ್ ಹೊರಗೆ ಬಂದಾಗ ಕಂದು, ಹಳದಿ, ಬೂದು, ಎಲ್ಲವೂ ಇದ್ದವು. ಕಳೆದುಹೋದ ಗೋಡೆ ಅಲ್ಲೇ ನಿಂತಿತ್ತು.

ಪಂಪು ಮರುದಿನವೇ ಮತ್ತೆ ಶುರುವಾಯಿತು. ಮೇಲಿನವರಿಗೆ ಕಳಿಸಿದ ವರದಿಯಲ್ಲಿ ಮ್ಯಾನೇಜರು, ಮೊದಲ ರಂಧ್ರವನ್ನು ತಪ್ಪು ದಿಕ್ಕಿಗೆ ಕೊರೆಸಿದವಳೂ ಇವಳೇ, ತಪ್ಪನ್ನು ತಾನೇ ಕಂಡು ಹೇಳಿದವಳೂ ಇವಳೇ ಎಂದು ಬರೆದಿದ್ದಾರೆ. ಎರಡೂ ಇರಲಿ ಎಂದೆ.

ಇಲ್ಲಿ ಇನ್ನು ವರ್ಷಗಟ್ಟಲೆ ಕೆಲಸವಿದೆ. ನನ್ನನ್ನು ಇರು ಎಂದಿದ್ದಾರೆ, ನನಗೂ ಇರಬೇಕು ಎಂದಿದೆ. ಇಷ್ಟು ಸಂತೋಷದಲ್ಲೂ ಇದನ್ನು ಬರೆಯಲು ಕೈ ಬರುತ್ತಿಲ್ಲ. ಬೇಸಿಗೆ ಬಂದೇಬಿಟ್ಟಿದೆ. ಮರಿಗೆ ಏನು ಹೇಳಲಿ ಅತ್ತೆ?

ಸೊಸೆ

ಏಪ್ರಿಲ್ ೨೦

ಸೊಸೆಗೆ,

ನಿನ್ನ ಕಾಗದವನ್ನು ಬಾಗಿಲಲ್ಲೇ ನಿಂತು ಓದಿದೆ. ನೀರು ಗೆರೆಗೆ ಒಂದು ಮೊಳ ಉಳಿದಿತ್ತು ಎನ್ನುವಲ್ಲಿ ನನ್ನ ಬಾಯಿಂದ ಬಂದದ್ದನ್ನು ಮರಿ ಕಲಿತುಕೊಂಡಿದ್ದಾಳೆ, ಶಾಲೆಯಿಂದ ದೂರು ಬಂದರೆ ಉತ್ತರ ನೀನೇ ಕೊಡು. ನೀರು ಕಪ್ಪಾಯಿತು ಎನ್ನುವಲ್ಲಿ, "ಸಿಕ್ತು ಕಣೇ! ನಿಮ್ಮಮ್ಮಂಗೆ ಸಿಕ್ತು!" ಎಂದು ಕೂಗಿ ಅವಳನ್ನು ಎತ್ತಿಕೊಂಡುಬಿಟ್ಟೆ. ಪಕ್ಕದ ಮನೆಯವರು ಏನು ಸಿಕ್ಕಿತು ಎಂದು ಕೇಳಿಕೊಂಡು ಬಂದರು. ಸೀಸ, ಸತು, ತಾಮ್ರ, ಬೆಳ್ಳಿ ಎಂದೆ. ಮನೆಯಲ್ಲೇ ಸಿಕ್ಕಿತು ಎಂದುಕೊಂಡು ಹೋದರು.

ಅವಳನ್ನು ಕೆಳಗಿಳಿಸಿದ ಮೇಲೆ ನನಗೆ ಹೊಳೆಯಿತು, ಗೆದ್ದವಳು ನೀನು, ಸೋತವಳು ನಾನು ಎಂದು. ಜನವರಿಯಿಂದ ಈ ಗಣಿ ಮುಚ್ಚಲಿ ಎಂದು ಕಾದವಳು. ನಿನ್ನ ಕೋಣೆಗೆ ಸುಣ್ಣ ಬಳಿಸಿದ್ದೆ, ಕಿಟಕಿಗೆ ಹೊಸ ಪರದೆ ಹೊಲಿದಿದ್ದೆ, ನಿನಗೆ ಹೇಳಿರಲಿಲ್ಲ. ಆ ಕೋಣೆಯಲ್ಲಿ ಹೋಗಿ ಕೂತು ಅತ್ತುಬಿಟ್ಟೆ. ಮರಿ ಬಂದು, "ಯಾಕಜ್ಜಿ ಅಳ್ತೀರಾ?" ಎಂದಳು. ಖುಷಿಗೆ ಎಂದೆ. ಅದರಲ್ಲಿ ಅರ್ಧ ನಿಜ.

"ಹಾಗಾದ್ರೆ ಅಮ್ಮ ಬರಲ್ವಾ?" ಎಂದು ಕೇಳಿದಳು. ಒಂದು ಸಲ ಸುಳ್ಳು ಭರವಸೆ ಕೊಟ್ಟು ಕೈ ಸುಟ್ಟುಕೊಂಡಿದ್ದೇನೆ, ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಬರಲ್ಲ ಮರಿ. ನಾವೇ ಹೋಗೋಣ." ಅವಳು, ಗೆಳತಿಯರನ್ನೂ ಕರೆದುಕೊಂಡು ಹೋಗಬಹುದೇ ಎಂದಳು. ಆಗುವುದಿಲ್ಲ ಎಂದಾಗ ಅತ್ತಳು. ಅಳಲಿ, ನಾನೂ ಅತ್ತಿದ್ದೇನಲ್ಲ. ಶಾಲೆ ಮುಗಿದ ವಾರವೇ ಹೊರಡುತ್ತೇವೆ. ನಿನ್ನ ಗಂಡನಿಗೆ ಮನೆ ಎಲ್ಲಿದ್ದರೇನು, ಅವನ ಸಂಸಾರವೆಲ್ಲ ರೈಲಿನಲ್ಲೇ. ನಿಮ್ಮ ಅದಿರು ತುಂಬಿಕೊಂಡು ಹೋಗುವ ಗಾಡಿಗೇ ಹಾಕಿಸಿಕೊಳ್ಳುತ್ತೇನೆ ಎನ್ನುತ್ತಿದ್ದಾನೆ.

ಇದನ್ನು ತ್ಯಾಗ ಗೀಗ ಎಂದು ಬರೆದು ನನ್ನನ್ನು ಫೋಟೋ ಮಾಡಿ ಗೋಡೆಗೆ ನೇತು ಹಾಕಬೇಡ. ನನಗೆ ಅಲ್ಲಿ ಇರಬೇಕು ಎನ್ನಿಸಿದೆ, ಬರುತ್ತೇನೆ. ನಿನ್ನನ್ನು ಮಗಳು ಎಂದೂ ಕರೆಯುವುದಿಲ್ಲ. ಮಗಳಾಗಿದ್ದರೆ ಹೆತ್ತದ್ದಕ್ಕೆ ಜಂಬ ಪಡಬೇಕಿತ್ತು. ಸೊಸೆಯಾದ್ದರಿಂದ ಜಂಬವೆಲ್ಲ ನಿನ್ನದೇ, ನನ್ನದು ಬರೀ ಮೆಚ್ಚಿಗೆ.

ಬಂದ ಮೇಲೆ ಒಂದು ದಿನ ನನ್ನನ್ನೂ ಬಿಲ್ಲೆ ಕೊಟ್ಟು ಕೆಳಗೆ ಕರೆದುಕೊಂಡು ಹೋಗು. ನೀನು ಕೆಲಸ ಮಾಡುವುದನ್ನು ನಿಂತು ನೋಡಬೇಕು.

ಅತ್ತೆ